ಬಲಗಡೆ ಮೂಲೆಯ ಹೆಸರು: ಲಂಡನ್ನಿನಿಂದ ನ್ಯೂಕ್ಯಾಸಲ್‌ಗೆ, ತಾಮ್ರದ ತಗಡಿನ ಹಿಂದೆ

ನಮ್ಮ ಅಪ್ಪ ಅಕ್ಕಸಾಲಿ. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಎಂಟಡಿ ಅಗಲದ ಅಂಗಡಿ. ಕಸುಬು ತಮ್ಮನಿಗೆ ಹೋಯಿತು, ನಾನು ಬ್ಯಾಂಕ್ ಸೇರಿದೆ. ನಿವೃತ್ತಿಯಾದ ಮೇಲೆ ನನಗೊಂದು ಹುಚ್ಚು ಹತ್ತಿತು. ಇನ್ನೂರು ವರ್ಷದ ಹಿಂದೆ, ಫೋಟೊ ಬರುವ ಮುಂಚೆ, ರಾಜರು, ಜನರಲ್‌ಗಳು, ನಾಟಕದವರು, ಇವರ ಮುಖ ಜನರ ಮನೆ ಗೋಡೆಗೆ ಬರುತ್ತಿದ್ದದ್ದು ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ತೆಗೆದ ಚಿತ್ರಗಳಲ್ಲಿ. ಅಂಥ ಚಿತ್ರಗಳನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ. ನಮ್ಮನೆಯವಳಿಗೆ ಸಾಕಾಯಿತು. "ನನ್ನ ತಂಗಿ ಲಂಡನ್‌ನಲ್ಲಿದ್ದಾಳೆ, ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ನಾನೂ ಬರ್ತೀನಿ" ಅಂದಳು. ವೀಸಾ, ಟಿಕೆಟ್ ಎಲ್ಲ ನಾದಿನಿಯೇ ನೋಡಿಕೊಂಡಳು. ನಾನು ಮಾಡಿದ ತಯಾರಿ ಎರಡೇ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಮೊದಲೇ ಬರೆದು ಸಮಯ ಪಡೆದದ್ದು ಒಂದು. ಅಪ್ಪ ಒಡವೆ ಕೆಲಸಕ್ಕೆ ಬಳಸುತ್ತಿದ್ದ ಕಣ್ಣುಗಾಜನ್ನು, ಅಂದರೆ ಪುಟ್ಟ ಭೂತಗನ್ನಡಿಯನ್ನು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡದ್ದು ಇನ್ನೊಂದು.

ಮೊದಲ ದಿನ

ಏಪ್ರಿಲ್ ಅಂದರೆ ನಮಗೆ ಬೇಸಿಗೆ. ಅಲ್ಲಿ ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಸೋನೆ ಮಳೆ. ಹ್ಯಾರೋದಲ್ಲಿ ನಾದಿನಿ ಮನೆಯಲ್ಲಿ ಅನ್ನ ಸಾರು ಉಂಡು ಮಲಗಬೇಕಿತ್ತು. ಮಲಗಿದರೆ ರಾತ್ರಿ ನಿದ್ದೆ ಬರಲ್ಲ ಅಂತ ಹೆದರಿಸಿ ನಮ್ಮನ್ನು ಟ್ರಫಾಲ್ಗರ್ ಚೌಕಕ್ಕೆ ಅಟ್ಟಿದಳು. ನ್ಯಾಷನಲ್ ಗ್ಯಾಲರಿಗೆ ಪ್ರವೇಶ ಉಚಿತ, ಒಳಗೆ ಬೆಚ್ಚಗೂ ಇರುತ್ತದೆ. ಮಳೆ ಬಂದಾಗ ಇದಕ್ಕಿಂತ ಒಳ್ಳೆ ಜಾಗ ಆ ಊರಲ್ಲಿಲ್ಲ.

ನಾನು ಹುಡುಕಿದ್ದು ಒಂದೇ ಚಿತ್ರ, 'ಕೆಂಪು ಹುಡುಗ'. ಸರ್ ಥಾಮಸ್ ಲಾರೆನ್ಸ್ 1825ರಲ್ಲಿ ಬರೆದದ್ದು. ಕೆಂಪು ಮಖಮಲ್ಲಿನ ಅಂಗಿ, ಚಲ್ಲಣ. ಬಂಡೆಯ ಮೇಲೆ ಒರಗಿ, ತಲೆಗೆ ಕೈಯಾನಿಸಿ ಎಲ್ಲೋ ನೋಡುತ್ತಾನೆ. ಹೆಸರು ಚಾರ್ಲ್ಸ್ ಲ್ಯಾಂಬ್ಟನ್. ಹದಿಮೂರನೇ ವಯಸ್ಸಿಗೇ ಕ್ಷಯ ಬಂದು ತೀರಿಕೊಂಡ. 2021ರಲ್ಲಿ ಗ್ಯಾಲರಿ ಇವನನ್ನು 93 ಲಕ್ಷ ಪೌಂಡ್ ಕೊಟ್ಟು ತಂದಿತು. ನಮ್ಮನೆಯವಳು ಎರಡು ನಿಮಿಷ ನೋಡಿ, "ಜ್ವರ ಬರೋ ಮುಂಚೆ ಮಕ್ಕಳು ಹೀಗೇ ಕೂರ್ತಾವೆ ರೀ" ಅಂದಳು.

ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ. ಶ್ರೀಮಂತರ ಮನೆಯ ಗೋಡೆಯಲ್ಲಿದ್ದ ಈ ಹುಡುಗ ಊರಿಗೆಲ್ಲ ಗೊತ್ತಾದದ್ದು ಸ್ಯಾಮ್ಯುಯೆಲ್ ಕಸಿನ್ಸ್ ಅನ್ನುವವನು 1827ರಲ್ಲಿ ಲೋಹದ ತಗಡಿನ ಮೇಲೆ ಇವನನ್ನು ಮೂಡಿಸಿದ್ದರಿಂದ. ಅದು ಬರೀ ಕಪ್ಪು ಬಿಳುಪು. ಇಷ್ಟು ಕೆಂಪು ಅಲ್ಲಿ ಏನಾಗುತ್ತದೆ? ಆ ಪ್ರಶ್ನೆಯನ್ನು ಕಣ್ಣಲ್ಲಿಟ್ಟುಕೊಂಡು ಮನೆಗೆ ಬಂದು ಏಳು ಗಂಟೆಗೇ ಬಿದ್ದುಕೊಂಡೆ.

ಎರಡನೇ ದಿನ

ಬ್ರಿಟಿಷ್ ಮ್ಯೂಸಿಯಮ್ಮಿನ ಮುಂಬಾಗಿಲಲ್ಲಿ ತಿರುಪತಿ ಸಾಲು. ಹಿಂಬದಿಯಲ್ಲಿ ಮಾಂಟೆಗ್ಯೂ ಪ್ಲೇಸ್ ಕಡೆ ಇನ್ನೊಂದು ಬಾಗಿಲಿದೆ, ಅಲ್ಲಿ ಜನ ಕಡಿಮೆ. ಮುದ್ರಿತ ಚಿತ್ರಗಳ ಓದುಕೋಣೆಗೆ ಅದೇ ಹತ್ತಿರ. ಮೇಲೆ ಹತ್ತಿ 90ನೇ ಕೋಣೆ ದಾಟಿದರೆ ಸಿಗುತ್ತದೆ. ವಿದ್ವಾಂಸರಿಗೆ ಮಾತ್ರ ಅಂದುಕೊಂಡಿದ್ದೆ. ಹಾಗೇನಿಲ್ಲ. ಯಾರು ಬೇಕಾದರೂ ಮೊದಲೇ ತಿಳಿಸಿ, ಗುರುತಿನ ಚೀಟಿ ಹಿಡಿದು ಹೋಗಬಹುದು. ಪೆನ್ನು ಮಾತ್ರ ಒಳಗೆ ಬಿಡಲ್ಲ, ಪೆನ್ಸಿಲ್ ಇಟ್ಟುಕೊಂಡಿರಿ.

20 ಲಕ್ಷಕ್ಕೂ ಹೆಚ್ಚು ಅಚ್ಚುಗಳಿರುವ ಜಾಗ ಅದು. ನಾನು ಕೇಳಿದ್ದ ಆರನ್ನು ಕಪ್ಪು ಪೆಟ್ಟಿಗೆಗಳಲ್ಲಿ ತಂದಿಟ್ಟರು. ಪುಸ್ತಕದ ಹಾಗೆ ತೆರೆಯುವ ಪೆಟ್ಟಿಗೆ. ಸೊಲ್ಯಾಂಡರ್ ಪೆಟ್ಟಿಗೆ ಅಂತಾರೆ. ನಾವಿಕ ಕ್ಯಾಪ್ಟನ್ ಕುಕ್ ಜೊತೆ ಹಡಗಿನಲ್ಲಿ ಹೋದ ಸಸ್ಯವಿಜ್ಞಾನಿ ಡೇನಿಯಲ್ ಸೊಲ್ಯಾಂಡರ್ ಇದೇ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವಾಗ ಮಾಡಿಸಿದ್ದಂತೆ. ನಾನು ಜೇಬಿನಿಂದ ಅಪ್ಪನ ಕಣ್ಣುಗಾಜು ತೆಗೆದೆ. ಮೇಜಿನ ಹತ್ತಿರವಿದ್ದ ಮೇಡಂ ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, "ಇದು ಆಭರಣದವರದ್ದು ಅಲ್ಲವೇ?" ಅಂದರು. ಹೌದು ಅಂದೆ. ಕಾಗದಕ್ಕೆ ತಾಗದ ಹಾಗೆ ನೋಡಿ ಅಂತ ವಾಪಸ್ ಕೊಟ್ಟರು.

ಮೊದಲು ತೆರೆದದ್ದು ಕಸಿನ್ಸ್‌ನ ಹುಡುಗನನ್ನೇ. ಕೆಂಪು ಹೋಗಿತ್ತು, ಮಖಮಲ್ಲು ಇತ್ತು! ಮೊಣಕಾಲಿನ ಮಡಿಕೆ ಮೇಲೆ ಬೆಳಕು ಜಾರುವುದು, ತೋಳಿನ ಒಳಬದಿಯ ಕತ್ತಲು, ಬೆರಳಿಟ್ಟರೆ ಹುದುಗುತ್ತದೆ ಅನ್ನಿಸುವ ಮೆದು. ಗಾಜು ಹಿಡಿದು ಗೆರೆ ಹುಡುಕಿದರೆ ಗೆರೆಯೇ ಇಲ್ಲ.

ಇದು ಮೆಝೊಟಿಂಟ್. ಮಿಕ್ಕವರೆಲ್ಲ ಬಿಳಿಯಿಂದ ಕಪ್ಪಿಗೆ ಹೋದರೆ ಇವರು ಕಪ್ಪಿನಿಂದ ಬಿಳಿಗೆ ಬರುತ್ತಾರೆ. ಅಂಚಿನ ತುಂಬ ಸಣ್ಣ ಹಲ್ಲುಗಳಿರುವ ಒಂದು ಬಾಗಿದ ಉಳಿ, ಹೆಸರು ರಾಕರ್. ಅದನ್ನು ತಗಡಿನ ಮೇಲೆ ತೊಟ್ಟಿಲ ಹಾಗೆ ತೂಗಬೇಕು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಹತ್ತಾರು ಸಲ. ಇಡೀ ತಗಡು ಬೆಕ್ಕಿನ ನಾಲಿಗೆಯಂತೆ ತರಿತರಿ ಆಗುತ್ತದೆ. ಆಗ ಮಸಿ ಬಳಿದು ಅಚ್ಚು ತೆಗೆದರೆ ಬರೀ ಗಾಢ ಕಪ್ಪು. ಎಲ್ಲಿ ಬೆಳಕು ಬೇಕೋ ಅಲ್ಲಿ ಆ ತರಿಯನ್ನು ಕೆರೆದು, ಉಜ್ಜಿ, ನುಣುಪು ಮಾಡುತ್ತಾ ಹೋಗುವುದು. ನುಣುಪಾದ ಕಡೆ ಮಸಿ ನಿಲ್ಲಲ್ಲ, ಅಲ್ಲಿ ಕಾಗದ ಬೆಳ್ಳಗೆ ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಒಂದೊಂದೇ ಕಿಟಕಿ ತೆಗೆದ ಹಾಗೆ. ಹುಟ್ಟಿದ್ದು ಜರ್ಮನ್ ಭಾಷೆಯವನ ಕೈಯಲ್ಲಿ, 1642ರಲ್ಲಿ. ಇಂಗ್ಲಿಷರು ಅದನ್ನು ಎಷ್ಟು ಹಚ್ಚಿಕೊಂಡರು ಅಂದರೆ ಫ್ರೆಂಚರು ಅದಕ್ಕೆ 'ಇಂಗ್ಲಿಷ್ ರೀತಿ' ಅಂತಲೇ ಹೆಸರಿಟ್ಟರು.

ಒಂದೇ ಕಷ್ಟ. ತಾಮ್ರ ಮೆದು. ಒಂದೆರಡು ನೂರು ಪ್ರತಿ ತೆಗೆಯುವಷ್ಟರಲ್ಲಿ ತರಿ ಸವೆದು ಕಪ್ಪು ಬೂದಿಯಾಗುತ್ತದೆ. ಅದಕ್ಕೇ ಶುರುವಿನ ಪ್ರತಿಗಳಿಗೆ ಬೆಲೆ ಜಾಸ್ತಿ. ಹೆಸರು, ಒಕ್ಕಣೆ ಕೆತ್ತುವ ಮುಂಚೆಯೇ ತೆಗೆದ ಪ್ರತಿಗಳನ್ನು ಶ್ರೀಮಂತರು ಹುಡುಕಿ ಕೊಳ್ಳುತ್ತಿದ್ದರು. ಥಾಮಸ್ ಲಪ್ಟನ್ ಅನ್ನುವವನು ಬೇರೆ ಬೇರೆ ಲೋಹಗಳಲ್ಲಿ ಪ್ರಯೋಗ ಮಾಡಿ ಕೊನೆಗೆ ಮೆದು ಉಕ್ಕಿಗೆ ಬಂದ. ಅದಕ್ಕಾಗಿ 1822ರಲ್ಲಿ ಸೊಸೈಟಿ ಆಫ್ ಆರ್ಟ್ಸ್‌ನಿಂದ ಪದಕ ಪಡೆದ. ಅವನು ಮೊದಲು ಉಕ್ಕಿನಲ್ಲಿ ತೆಗೆದದ್ದು ರಾಜನ ಮುಖ ಅಲ್ಲ, ಮಂಡನ್ ಅನ್ನುವ ಹಾಸ್ಯನಟನ ಮುಖ. ಉಕ್ಕು ಬಂದ ಮೇಲೆ ಒಂದೇ ತಗಡಿನಿಂದ ಸಾವಿರಗಟ್ಟಲೆ ಬಂತು. ಮುಖಗಳು ಅಗ್ಗವಾದವು.

ಎರಡನೇ ಪೆಟ್ಟಿಗೆ ತೆರೆದಾಗ ಎದೆ ಸ್ವಲ್ಪ ಹೊಡೆದುಕೊಂಡಿತು. ನಮ್ಮೂರಿನಿಂದ ಒಂದೂವರೆ ಗಂಟೆ ದೂರದ ಶ್ರೀರಂಗಪಟ್ಟಣ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಅನ್ನುವ ಇಪ್ಪತ್ತಮೂರರ ಹುಡುಗ ಲಂಡನ್ನಿನಲ್ಲಿ ಕೋಟೆಯ ಮುತ್ತಿಗೆಯನ್ನು ನೂರಡಿಗೂ ಉದ್ದದ ಬಟ್ಟೆಯ ಮೇಲೆ ಬರೆದು ಕಾಸಿಗೆ ತೋರಿಸಿದ. ಶ್ರೀರಂಗಪಟ್ಟಣ ನೋಡಿದವನಲ್ಲ. ಆ ದೊಡ್ಡ ಚಿತ್ರ ಸುಟ್ಟುಹೋಯಿತು. ಉಳಿದದ್ದು ಜೊವಾನಿ ವೆಂಡ್ರಾಮಿನಿ ಕೆತ್ತಿದ ಮೂರು ಅಚ್ಚುಗಳು. ಕಾವೇರಿ ಯಾವುದೋ ಇಟಲಿ ಹೊಳೆಯ ಹಾಗಿದೆ. ಆದರೆ ಸಾಹೇಬರ ಮುಖಗಳು ಬೇರೆ ಬೇರೆ ಗುರುತಿಸುವ ಹಾಗಿವೆ, ಯಾರು ಯಾರು ಅಂತ ಹೇಳುವ ಕೀಲಿಚಿತ್ರವೂ ಜೊತೆಗಿತ್ತು. ಕೊಳ್ಳುವವರಿಗೆ ಬೇಕಾಗಿದ್ದದ್ದು ಅದೇ. ಬಿದ್ದಿರುವ ನಮ್ಮವರಿಗೆ ಅಂಥ ಮುಖ ಸಿಕ್ಕಿಲ್ಲ. ಒಂದು ಮುಖವನ್ನೇ ಅವರು ಎರಡು ಮೂರು ಕಡೆ ಹಾಕಿದ್ದಾರೆ ಅಂತ ನನಗನ್ನಿಸಿತು. ಸಿಟ್ಟಿನಲ್ಲಿ ನೋಡಿದ್ದರಿಂದಲೂ ಇರಬಹುದು.

ಆದರೂ ಗಾಜು ಹಿಡಿದಾಗ ಸಿಟ್ಟು ಇಳಿಯಿತು. ಕೆನ್ನೆ ಪೂರ್ತಿ ಚುಕ್ಕಿ. ಬೆಳಕಿನ ಕಡೆ ವಿರಳ, ನೆರಳಿನ ಕಡೆ ದಟ್ಟ. ರಂಗೋಲಿ ಪುಡಿಯನ್ನು ಊದಿದ ಹಾಗೆ. ಇದನ್ನು ಸ್ಟಿಪಲ್ ಅಂತಾರೆ. ತಗಡಿಗೆ ಮೇಣದ ಪದರ ಹಚ್ಚಿ, ಸೂಜಿಯಿಂದ ಚುಕ್ಕಿ ಚುಚ್ಚಿ, ಆಮ್ಲದಲ್ಲಿ ಅದ್ದಿದರೆ ಚುಕ್ಕಿ ಇದ್ದಲ್ಲಿ ಮಾತ್ರ ತಾಮ್ರ ಕೊರೆಯುತ್ತದೆ. ಆಮೇಲೆ ಬಾಗಿದ ಉಳಿಯಿಂದ ಕೈಯಲ್ಲೇ ಚುಕ್ಕಿ ಸೇರಿಸಿ ಮುಗಿಸುತ್ತಾರೆ. ಇದನ್ನು ಲಂಡನ್ನಿಗೆ ಹುಚ್ಚು ಹಿಡಿಸಿದವನು ಬಾರ್ತಲೋಝಿ, ವೆಂಡ್ರಾಮಿನಿಯ ಗುರು. ಅವನನ್ನು ಅಲ್ಲಿಯ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿ ಶುರುವಾದಾಗಲೇ ಸದಸ್ಯನಾಗಿ ಸೇರಿಸಿಕೊಂಡಿದ್ದರು, ಆದರೆ ಚಿತ್ರಕಾರ ಅನ್ನುವ ಲೆಕ್ಕದಲ್ಲಿ! ಕೆತ್ತುವವರಿಗೆ ಅಲ್ಲಿ ಕೆಳಗಿನ ಮಣೆಯೇ. ಕೆತ್ತುವವನಾಗಿಯೇ ಪೂರ್ಣ ಸದಸ್ಯತ್ವ ಪಡೆದ ಮೊದಲಿಗ ನಮ್ಮ ಕಸಿನ್ಸ್. ಅದೂ 1855ರಲ್ಲಿ. ಅಕಾಡೆಮಿ ಹುಟ್ಟಿ ಎಂಬತ್ತೇಳು ವರ್ಷ ಆಗಿತ್ತು.

ಇದು ಓದಿ ಗೊತ್ತಿತ್ತು. ಅವತ್ತು ಕಣ್ಣಿಗೆ ಬಿತ್ತು. ಪ್ರತಿ ಅಚ್ಚಿನ ಕೆಳಗೂ ಸಾಸಿವೆ ಗಾತ್ರದ ಎರಡು ಹೆಸರು. ಎಡಗಡೆ ಚಿತ್ರ ಬರೆದವನದ್ದು, ಬಲಗಡೆ ಕೆತ್ತಿದವನದ್ದು. ಹಳೆಯವರು ಲ್ಯಾಟಿನ್‌ನಲ್ಲಿ 'ಪಿಂಕ್ಸಿಟ್', 'ಸ್ಕಲ್ಪ್ಸಿಟ್' ಅಂತ ಹಾಕುತ್ತಿದ್ದರು, ಬರೆದ, ಕೆತ್ತಿದ. ನಡುವೆ ಪ್ರಕಾಶಕನ ಹೆಸರು, ತಾರೀಖು. 1735ರ ಕಾಯಿದೆ ಪ್ರಕಾರ ತಾರೀಖು ಹಾಕಿದರೆ ಮಾತ್ರ ನಕಲು ತಡೆಯುವ ಹಕ್ಕು. ನನಗೆ ಅಪ್ಪ ನೆನಪಾದರು. ಅರವತ್ತು ವರ್ಷ ಕೆಲಸ ಮಾಡಿದರು. ಅವರು ಮಾಡಿದ ಒಂದು ಓಲೆಯ ಮೇಲೂ ಅವರ ಹೆಸರಿಲ್ಲ. ಆಮೇಲೆ ಊರು ಬಿಡುವವರೆಗೂ ನಾನು ಯಾವ ಮುಖ ನೋಡಿದರೂ ಮೊದಲು ಬಲಗಡೆ ಮೂಲೆ ನೋಡಿದೆ.

ಕೊನೆಯ ಹಾಳೆ ಒಬ್ಬ ಮುದುಕನದು. ದಪ್ಪ ಮುಖ, ಹಳ್ಳಿಯವನ ಕಣ್ಣು. ಥಾಮಸ್ ಬ್ಯೂಯಿಕ್, ಮರದಲ್ಲಿ ಕೆತ್ತುವುದರಲ್ಲಿ ಆ ಕಾಲಕ್ಕೆ ದೊಡ್ಡ ಹೆಸರು. ಜೇಮ್ಸ್ ರಾಮ್ಸೆ ಬರೆದದ್ದನ್ನು ಜಾನ್ ಬರ್ನೆಟ್ 1817ರಲ್ಲಿ ಕೆತ್ತಿದ್ದು. ಮರದವನ ಮುಖ ತಾಮ್ರದಲ್ಲಿ! "ಇವನ ಊರಿಗೆ ಹೋಗ್ತೀರಾ? ಹೋಗಿ, ಆದರೆ ಮನೆ ಯಾವ ದಿನ ತೆರೆದಿರುತ್ತೆ ಅಂತ ಕೇಳಿಕೊಂಡು ಹೋಗಿ" ಅಂದರು ಆ ಮೇಡಂ. ಆ ಮಾತು ನಮ್ಮನ್ನು ಉಳಿಸಿತು.

ನಮ್ಮನೆಯವಳು ಅಷ್ಟು ಹೊತ್ತೂ ಈಜಿಪ್ಟಿನ ಹೆಣಗಳನ್ನು ನೋಡುತ್ತಿದ್ದಳು. ರಸೆಲ್ ಚೌಕದ ಬೆಂಚಿನ ಮೇಲೆ ಡಬ್ಬಿ ತೆಗೆದು ಚಿತ್ರಾನ್ನ ತಿಂದೆವು. ಕಡಲೆಬೀಜದ ವಾಸನೆಗೆ ಒಂದು ಅಳಿಲು ಬೆಂಚೇ ಹತ್ತಿತು. ನಮ್ಮ ಅಳಿಲಿನ ಎರಡರಷ್ಟಿತ್ತು. ಅರ್ಧ ಡಬ್ಬಿ ನೆಲಕ್ಕೆ.

ಮೂರನೇ ದಿನ

ಇದು ನಾದಿನಿ ಕೊಟ್ಟ ಉಡುಗೊರೆ. ಪೂರ್ವ ಲಂಡನ್ನಿನಲ್ಲಿ, ರೈಲು ಸೇತುವೆಯ ಕಮಾನಿನ ಕೆಳಗೆ, ಒಂದು ಅಚ್ಚಿನ ಕಾರ್ಯಾಗಾರ. ಒಂದು ದಿನದ ಕಲಿಕೆ. ಏಳು ಜನ ಇದ್ದೆವು, ನಾನೇ ಹಿರಿಯ. ಕಲಿಸುವ ಹುಡುಗಿಗೆ ಮೂವತ್ತೂ ಇರಲಿಕ್ಕಿಲ್ಲ, ಉಗುರಿನ ಸಂದಿಯಲ್ಲೆಲ್ಲ ಮಸಿ. ಕೈಗೆ ಅಂಗೈಯಗಲದ ತಾಮ್ರ ಕೊಟ್ಟಳು, ಜೊತೆಗೆ ಬ್ಯುರಿನ್. ಅಣಬೆಯಂಥ ಮರದ ಹಿಡಿ, ಚೌಕ ಉಕ್ಕಿನ ಕಡ್ಡಿ, ತುದಿ ಓರೆಯಾಗಿ ಕತ್ತರಿಸಿದ್ದು. ಅಪ್ಪನ ಮಣೆಯ ಪಕ್ಕದ ಡಬ್ಬಿಯಲ್ಲಿ ಇಂಥವು ಹತ್ತು ಇರುತ್ತಿದ್ದವು. ನನಗೆ ಗೊತ್ತಿರೋದೇ ಬಿಡಿ ಅಂತ ಹಿಡಿದು ಒಂದು ಗೆರೆ ತಳ್ಳಿದೆ. ಉಳಿ ಸರ್ರನೆ ಜಾರಿ ತಗಡಿನಾಚೆ ಹೋಗಿ ಮೇಜಿಗೆ ನಾಟಿತು. ಎಡಗೈ ಬೆರಳು ಎರಡು ನೂಲಿನಲ್ಲಿ ಉಳಿಯಿತು.

ಹುಡುಗಿ ಬಂದು ನಗಲಿಲ್ಲ. ಮರಳು ತುಂಬಿದ ಚರ್ಮದ ದಿಂಬು ತಂದು ತಗಡಿನ ಕೆಳಗಿಟ್ಟಳು. ಉಳಿಯನ್ನು ತಿರುಗಿಸಬೇಡಿ, ತಗಡನ್ನು ತಿರುಗಿಸಿ ಅಂದಳು. ಅಪ್ಪ ಹೇಳುತ್ತಿದ್ದದ್ದೂ ಇದನ್ನೇ! "ಕೈ ಕೂತಿರಲಿ, ಕೆಲಸ ಓಡಾಡಲಿ." ಅವರದು ದಿಂಬಲ್ಲ, ಅರಗಿನ ಮುದ್ದೆ. ಅದರ ಮೇಲೆ ಒಡವೆ ಕೂರಿಸಿ ತಿರುಗಿಸುತ್ತಿದ್ದರು. ನೆನಪಾದ ಮೇಲೆ ಗೆರೆ ಬಂತು. ಮೆಲ್ಲಗೆ ಒತ್ತಿದರೆ ಕೂದಲೆಳೆ, ಒತ್ತು ಜಾಸ್ತಿ ಮಾಡಿದರೆ ಗೆರೆ ಊದಿ ದಪ್ಪ, ಮತ್ತೆ ಎಳೆ. ಗೆರೆಯಿಂದ ಎದ್ದ ತಾಮ್ರ ಸುರುಳಿ ಸುರುಳಿಯಾಗಿ ಬೀಳುತ್ತದೆ. ಒಂದು ಕೆನ್ನೆ ದುಂಡಗೆ ಕಾಣಬೇಕಾದರೆ ಅಂಥ ಗೆರೆಗಳು ಕೆನ್ನೆಯ ಸುತ್ತ ಬಾಗಿ ಹೋಗಬೇಕು, ಇನ್ನೊಂದು ಸಾಲು ಅವನ್ನು ಓರೆಯಾಗಿ ದಾಟಬೇಕು, ನಡುವಿನ ಮನೆಗಳಲ್ಲಿ ಒಂದೊಂದು ಚುಕ್ಕಿ ಬೀಳಬೇಕು. ಬರ್ನೆಟ್‌ನ ಮುದುಕನ ಕೆನ್ನೆ ಹಾಗೇ ಇತ್ತು. ನಾನು ಎರಡು ಗಂಟೆಯಲ್ಲಿ ಒಂದು ಮೂಗು ಮುಗಿಸಿದೆ. ದೊಡ್ಡ ಚಿತ್ರವೊಂದಕ್ಕೆ ವರ್ಷಗಟ್ಟಲೆ ಯಾಕೆ ಹಿಡಿಯುತ್ತಿತ್ತು ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಕೆತ್ತಿದ್ದು ಅಪ್ಪನನ್ನು. ನೆನಪಿನಿಂದ. ಕನ್ನಡಕ, ಬೋಳು ಹಣೆ, ಬಲಗಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್. ಕೆಳಗೆ 'ಅಪ್ಪ' ಅಂತ ಬರೆದೆ.

ಮಧ್ಯಾಹ್ನ ಅಚ್ಚಿನ ಸರದಿ. ತಗಡನ್ನು ಬಿಸಿ ಮಾಡಿ, ಜಿಗುಟು ಮಸಿಯನ್ನು ಗೆರೆಯೊಳಗೆ ತುಂಬುವಂತೆ ಒತ್ತಬೇಕು. ಆಮೇಲೆ ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಬೇಕು. ಕೊನೆಗೆ ಸೀಮೆಸುಣ್ಣದ ಪುಡಿ ಸವರಿದ ಅಂಗೈಯಿಂದ, ಮಗುವಿನ ಕೆನ್ನೆ ಸವರಿದ ಹಾಗೆ. ಮೇಲ್ಮೈ ಹೊಳೆಯಬೇಕು, ಗೆರೆಯೊಳಗೆ ಮಸಿ ಉಳಿಯಬೇಕು. ಇದೇ ಕೈಚಳಕ. ಒದ್ದೆ ಕಾಗದ, ಅದರ ಮೇಲೆ ಉಣ್ಣೆಯ ಕಂಬಳಿ, ಎರಡು ಉರುಳೆಗಳ ನಡುವೆ ಒಂದು ಸಲ ಹಾದು ಬಂದರೆ ಮುಗಿಯಿತು. ಕಾಗದ ಗೆರೆಯೊಳಕ್ಕೆ ಹೊಕ್ಕು ಮಸಿ ಎತ್ತಿಕೊಂಡು ಬರುತ್ತದೆ. ತಗಡಿನ ಅಂಚು ಒತ್ತಿದ ಗುರುತು ಕಾಗದದಲ್ಲಿ ಸಣ್ಣ ತಗ್ಗಾಗಿ ಉಳಿಯುತ್ತದೆ. ಹಳೆಯ ಅಚ್ಚು ಕೊಳ್ಳುವವರು ಮೊದಲು ಬೆರಳಾಡಿಸಿ ಹುಡುಕುವುದು ಅದನ್ನೇ.

ಕಾಗದ ಎತ್ತಿದೆ. ಅಪ್ಪ ಬಂದಿದ್ದರು. ಪೆನ್ಸಿಲ್ ಎಡಗಿವಿಯ ಮೇಲಿತ್ತು. ಕೆಳಗೆ 'ಅಪ್ಪ' ಕನ್ನಡಿಯೊಳಗಿನ ಅಕ್ಷರವಾಗಿತ್ತು.

ಮುದ್ರೆಯುಂಗುರ ಮಾಡುವವರ ಮಗ ನಾನು. ಅಪ್ಪ ತಿರುಗುಮುರುಗಾದ ಅಕ್ಷರ ಕೆತ್ತುವುದನ್ನು ಪಕ್ಕದಲ್ಲಿ ಕೂತು ಸಾವಿರ ಸಲ ನೋಡಿದ್ದೇನೆ. ಬ್ಯಾಂಕಿನ ಮೂವತ್ತೈದು ವರ್ಷ ಅದನ್ನು ಒರೆಸಿ ಹಾಕಿತ್ತು. ಹುಡುಗಿ ಸಮಾಧಾನ ಮಾಡಿದಳು. ಹಳೆಯವರೂ ತಪ್ಪುತ್ತಿದ್ದರು, ಅದಕ್ಕೇ ಎಷ್ಟೋ ಜನ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಕೆತ್ತುತ್ತಿದ್ದರು ಅಂದಳು. ಕನ್ನಡ ಅಕ್ಷರ ನೋಡಿ, "ಇದು ಹೇಗಿದ್ದರೂ ಚೆಂದವೇ" ಅಂತಲೂ ಅಂದಳು. ಸಮಾಧಾನ ಆಗಲಿಲ್ಲ. ಮನೆಗೆ ಬಂದಾಗ ಕೋಟಿನ ತೋಳೆಲ್ಲ ಮಸಿ. ಅಲ್ಲಿಗೆ ಹೋಗುವವರು ಹಳೆ ಅಂಗಿ ಹಾಕಿಕೊಂಡು ಹೋಗಿ.

ನಾಲ್ಕನೇ ದಿನ

ಬೆಳಗ್ಗೆ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ. ಟಿಪ್ಪುವಿನ ಹುಲಿ ನೋಡದೆ ಊರಿಗೆ ಹೋಗುವ ಹಾಗಿಲ್ಲ, ನೆಂಟರು ಸುಮ್ನೆ ಬಿಡಲ್ಲ. ಗಾಜಿನೊಳಗೆ ಕೂತಿದೆ, ಸಾಹೇಬನ ಮೇಲೆ. ಅಷ್ಟೇ.

ಮಧ್ಯಾಹ್ನ ಸೆಸಿಲ್ ಕೋರ್ಟ್. ಲೆಸ್ಟರ್ ಚೌಕದ ಹತ್ತಿರ ಒಂದು ಗಲ್ಲಿ, ಎರಡೂ ಕಡೆ ಹಳೆ ಪುಸ್ತಕ, ನಕ್ಷೆ, ಅಚ್ಚುಗಳ ಅಂಗಡಿ. ಒಬ್ಬ ಅಂಗಡಿಯಾತ ಬಿಡುವಾಗಿದ್ದ. ನನ್ನ ಕಣ್ಣುಗಾಜು ನೋಡಿ ಗೆಳೆಯನಾದ. ಕಾಗದವನ್ನು ಬೆಳಕಿಗೆ ಹಿಡಿಯಲು ಕಲಿಸಿದ. 'ವಾಟ್‌ಮನ್' ಅಂತ ಕಾಗದ ಮಾಡಿದವನ ಹೆಸರಿನ ನೀರಚ್ಚು, ಅದರ ಪಕ್ಕ ಇಸವಿ. ಕಾಗದದ ಇಸವಿ ಚಿತ್ರದ ತಾರೀಖಿಗಿಂತ ಹತ್ತಿಪ್ಪತ್ತು ವರ್ಷ ಈಚಿನದಾಗಿದ್ದರೆ ಆ ತಗಡಿನಿಂದ ಆಮೇಲೆ ತೆಗೆದ ಪ್ರತಿ ಅಂತ ಅರ್ಥ. ಡ್ಯೂಕ್ ಆಫ್ ವೆಲಿಂಗ್ಟನ್‌ನ ಮುಖ ಅವನಲ್ಲಿ ಒಂದು ಪೆಟ್ಟಿಗೆ ತುಂಬ ಇತ್ತು. ನಮ್ಮ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಆರ್ಥರ್ ವೆಲೆಸ್ಲಿಯೇ ಇವನು. ವಾಟರ್ಲೂ ಗೆದ್ದ ಮೇಲೆ ಇವನ ಮುಖಕ್ಕೆ ಕೊನೆಯಿಲ್ಲದ ಗಿರಾಕಿ. ಅರ್ಧ ಅವು ಪುಸ್ತಕದಿಂದ ಹರಿದ ಉಕ್ಕಿನ ಅಚ್ಚುಗಳು. ನಾನೊಂದು ಕೊಂಡೆ, ನಮ್ಮೂರ ಎರಡು ಮಸಾಲೆ ದೋಸೆಯ ಬೆಲೆಗೆ ಅಂತ ಹೇಳಲಾರೆ, ಆದರೆ ಲಂಡನ್ನಿನ ಎರಡು ಮಸಾಲೆ ದೋಸೆಗಿಂತ ಕಡಿಮೆಯೇ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಸಂಜೆ ಒಂದು ಬಯಲು ಸಂತೆಯಲ್ಲಿ, ತಳ್ಳುಗಾಡಿಯಂಥ ಮೇಜಿನ ಮೇಲೆ, ಹಳದಿ ಬಣ್ಣಕ್ಕೆ ತಿರುಗಿದ ಒಬ್ಬ ಹೆಂಗಸಿನ ಮುಖ ಕಂಡಿತು. ಚುಕ್ಕಿ ಚುಕ್ಕಿ. ಸ್ಟಿಪಲ್! ಹದಿನೈದು ಪೌಂಡ್. ಕತ್ತಲಾಗುತ್ತಿತ್ತು, ಮಳೆ ಶುರುವಾಗಿತ್ತು, ಕಣ್ಣುಗಾಜು ನಮ್ಮನೆಯವಳ ಚೀಲದಲ್ಲಿ, ಅವಳು ಚಹಾ ತರಲು ಹೋಗಿದ್ದಳು. ಕೊಂಡುಬಿಟ್ಟೆ. ಮನೆಯಲ್ಲಿ ದೀಪದ ಕೆಳಗೆ ಗಾಜು ಹಿಡಿದರೆ ಚುಕ್ಕಿಗಳೆಲ್ಲ ಸೈನಿಕರ ಹಾಗೆ ಸಾಲಾಗಿ ನಿಂತಿದ್ದವು. ಕೈಯಿಂದ ಹಾಕಿದ ಚುಕ್ಕಿ ಹಾಗೆ ಸಾಲು ಹಿಡಿಯಲ್ಲ. ಇದು ಕ್ಯಾಮೆರಾ ಬಂದ ಮೇಲೆ ಜಾಲರಿ ಇಟ್ಟು ಛಾಪಿಸಿದ ನಕಲು. ತಗಡಿನ ಒತ್ತೂ ಇಲ್ಲ. ಬಲಗಡೆ ಮೂಲೆಯಲ್ಲಿ ಕೆತ್ತಿದವನ ಹೆಸರು ಮಾತ್ರ ನೀಟಾಗಿ ಇತ್ತು. "ಅಕ್ಕಸಾಲಿ ಮಗನಿಗೆ ಗಿಲೀಟು ಮಾರಿದಾರೆ" ಅಂತ ನಮ್ಮನೆಯವಳು ಊರಿಗೆ ಫೋನ್ ಮಾಡಿ ಹೇಳಿದಳು. ಆ ರಾತ್ರಿಯೇ.

ಐದು, ಆರನೇ ದಿನ

ಕಿಂಗ್ಸ್ ಕ್ರಾಸ್‌ನಿಂದ ನ್ಯೂಕ್ಯಾಸಲ್‌ಗೆ ಮೂರು ಗಂಟೆಯ ರೈಲು. ಬಲಗಡೆ ಕಿಟಕಿ ಹಿಡಿಯಿರಿ, ಡರಮ್‌ನ ದೇವಾಲಯ ಬೆಟ್ಟದ ಮೇಲೆ ಕಾಣುತ್ತದೆ ಅಂದಿದ್ದಳು ನಾದಿನಿ. ಕಂಡಿತು, ಎದುರು ಸೀಟಿನವರ ತಲೆಗಳ ನಡುವೆ. ಊರು ಟೈನ್ ಹೊಳೆಯ ಕಣಿವೆಗೆ ಇಳಿಬಿದ್ದಿದೆ, ಮೇಲೆ ಸೇತುವೆಯ ಮೇಲೆ ಸೇತುವೆ. ಗಾಳಿ ಅಂದರೆ ಗಾಳಿ. ನಮ್ಮನೆಯವಳ ಸೆರಗು ಕೋಟಿನೊಳಗಿದ್ದರೂ ಹಾರುತ್ತಿತ್ತು.

ನಿಲ್ದಾಣದ ಪಕ್ಕದಲ್ಲೇ 'ಲಿಟ್ ಆಂಡ್ ಫಿಲ್' ಅನ್ನುವ ಹಳೆಯ ಗ್ರಂಥಾಲಯ, 1825ರ ಕಟ್ಟಡ. ಸದಸ್ಯರಲ್ಲದವರೂ ಒಳಗೆ ಹೋಗಿ ಕೂರಬಹುದು. ಚಹಾ ಬಿಸ್ಕತ್ತು ಅಗ್ಗ. ಪುಸ್ತಕಗಳ ನಡುವೆ ಬ್ಯೂಯಿಕ್‌ನ ಅಮೃತಶಿಲೆಯ ತಲೆ ಇದೆ. ಅಲ್ಲಿಂದ ಐದು ನಿಮಿಷ ನಡೆದರೆ ಸೇಂಟ್ ನಿಕೊಲಾಸ್ ದೇವಾಲಯದ ಅಂಗಳ. ಅವನ ಕಾರ್ಯಾಗಾರ ಇದ್ದದ್ದು ಅಲ್ಲೇ. 1767ರಲ್ಲಿ ಹದಿನಾಲ್ಕರ ಹುಡುಗ ರಾಲ್ಫ್ ಬೀಲ್ಬಿ ಅನ್ನುವವನ ಹತ್ತಿರ ಕೆಲಸಕ್ಕೆ ಸೇರಿದ. ಬೀಲ್ಬಿ ಬೆಳ್ಳಿ ಪಾತ್ರೆಯ ಮೇಲೆ ಹೆಸರು, ಗಡಿಯಾರದ ಮುಖ, ಮುದ್ರೆ, ಕತ್ತಿಯ ಅಲಗು, ಏನು ಕೊಟ್ಟರೂ ಕೆತ್ತುತ್ತಿದ್ದ. ಅಂದರೆ ನಮ್ಮ ಅಂಗಡಿಯೇ. ಮರದ ಕೆಲಸ ಬೀಲ್ಬಿಗೆ ಬೇಡವಾಗಿತ್ತು, ಹುಡುಗನಿಗೆ ತಳ್ಳಿದ. ಹುಡುಗ ಲೋಹಕ್ಕೆ ಬಳಸುವ ಉಳಿಯನ್ನೇ ಮರಕ್ಕೆ ಹಿಡಿದ.

ಮಧ್ಯಾಹ್ನ ಊಟಕ್ಕೆ ಸ್ಟಾಟಿ. ತಟ್ಟೆಯಗಲದ ಚಪ್ಪಟೆ ಬನ್ನು. ಒಳಗೆ ಪೀಸ್ ಪುಡ್ಡಿಂಗ್ ಅಂತ ಹಳದಿ ಬಟಾಣಿಬೇಳೆಯನ್ನು ಬೇಯಿಸಿ ಅರೆದ ಮುದ್ದೆ. ಒಗ್ಗರಣೆ ಇಲ್ಲದ ಗಟ್ಟಿ ತೊವ್ವೆ ಅಂದುಕೊಳ್ಳಿ. ಹಲವು ಕಡೆ ಅದನ್ನು ಹಂದಿಮಾಂಸದ ನೀರಿನಲ್ಲಿ ಬೇಯಿಸುತ್ತಾರೆ, ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ನಮಗೆ ಚೀಸ್ ಹಾಕಿದ್ದು ಸಿಕ್ಕಿತು. ನಮ್ಮನೆಯವಳು ಚೀಲದಿಂದ ನಿಂಬೆ ಉಪ್ಪಿನಕಾಯಿ ತೆಗೆದಳು. ಅಂಗಡಿಯ ಹೆಂಗಸು ವಾಸನೆ ನೋಡಿ, ಒಂದು ಹೋಳು ಬಾಯಿಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೇಳಿದಳು.

ಮರುದಿನ ಚೆರಿಬರ್ನ್, ಬ್ಯೂಯಿಕ್ ಹುಟ್ಟಿದ ಮನೆ. ಮಿಕ್ಲಿ ಅನ್ನುವ ಹಳ್ಳಿಯಲ್ಲಿದೆ. ವಾರದ ಕೆಲವು ದಿನ ಮಾತ್ರ ತೆರೆದಿರುತ್ತದೆ, ಮ್ಯೂಸಿಯಂ ಮೇಡಂ ಎಚ್ಚರಿಸದಿದ್ದರೆ ಬಾಗಿಲು ನೋಡಿಕೊಂಡು ಬರುತ್ತಿದ್ದೆವು. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಅಜ್ಜ ನಮ್ಮನೆಯವಳಿಗೆ "ಪೆಟ್, ಪೆಟ್" ಅಂತ ಏನೋ ಹೇಳುತ್ತಿದ್ದ. "ಏನ್ರೀ ಇದು, ನನ್ನನ್ನ ನಾಯಿಮರಿ ಅಂತಿದಾರಾ?" ಅಂದಳು. ಅದು ಅಲ್ಲಿಯವರು ಅಕ್ಕರೆಯಿಂದ ಕರೆಯುವ ಮಾತು, ನಮ್ಮ 'ತಾಯಿ', 'ಮಗಾ' ಇದ್ದ ಹಾಗೆ. ಇದನ್ನು ಬಿಡಿಸಿ ಹೇಳುವ ಹೊತ್ತಿಗೆ ನಮ್ಮ ನಿಲ್ದಾಣ ದಾಟಿತ್ತು. ಒಂದು ಮೈಲಿ ವಾಪಸ್ ನಡೆದೆವು, ಏರಿನಲ್ಲಿ, ಮಳೆಯಲ್ಲಿ. ಆದರೆ ಆ ಏರಿನಿಂದಲೇ ಕಣಿವೆ ಪೂರ್ತಿ ಕಂಡಿತು. ಹಸಿರು ಹೊಲ, ಕಲ್ಲಿನ ಗೋಡೆ, ಕುರಿಮರಿಗಳು, ಆಚೆ ದಡದಲ್ಲಿ ಅವನನ್ನು ಹೂತ ಓವಿಂಗಮ್ ದೇವಾಲಯದ ಗೋಪುರ.

ಮನೆ ಅಂದರೆ ಒಂದು ಕೋಣೆ, ಒಲೆ, ಕೊಟ್ಟಿಗೆ. ಅಪ್ಪ ಚಿಕ್ಕ ಕಲ್ಲಿದ್ದಲು ಗಣಿ ನಡೆಸುತ್ತಿದ್ದ. ಕಾಗದ ಸಿಗದೆ ಹುಡುಗ ಸೀಮೆಸುಣ್ಣದಲ್ಲಿ ಒಲೆಯ ಕಲ್ಲಿನ ಮೇಲೆ, ಗೋರಿಗಳ ಮೇಲೆ ಬರೆಯುತ್ತಿದ್ದನಂತೆ. ಪಕ್ಕದ ಕೋಣೆಯಲ್ಲಿ ಅಚ್ಚಿನ ಯಂತ್ರ. ಸ್ವಯಂಸೇವಕರಾಗಿದ್ದ 70ರ ಆಸುಪಾಸಿನ ಒಬ್ಬರು ಬಾಕ್ಸ್ ಅನ್ನುವ ಗಟ್ಟಿ ಮರದ ಒಂದು ತುಂಡು ನನ್ನ ಕೈಗಿಟ್ಟರು. ಬೆಂಕಿಪೆಟ್ಟಿಗೆಯಷ್ಟು ಗಾತ್ರ, ಲೋಹದಷ್ಟು ಭಾರ. ಹಲಗೆ ಸೀಳಿದ ಹಾಗೆ ಉದ್ದುದ್ದ ಕೊಯ್ದದ್ದಲ್ಲ, ಮರದ ಕಾಂಡವನ್ನು ಸೌತೆಕಾಯಿ ಬಿಲ್ಲೆಯಂತೆ ಅಡ್ಡ ಕೊಯ್ದದ್ದು. ಆ ಮುಖದಲ್ಲಿ ನಾರು ಉಳಿಗೆ ತಡೆಯೊಡ್ಡಲ್ಲ, ಕೂದಲೆಳೆ ಗೆರೆಯೂ ಮುರಿಯಲ್ಲ. ಕಾಂಡ ಸಪೂರ, ಅದಕ್ಕೇ ಚಿತ್ರಗಳೂ ಚಿಕ್ಕವು.

ತಾಮ್ರದಲ್ಲಿ ಕೊರೆದದ್ದು ಕಪ್ಪಾಗುತ್ತದೆ. ಇಲ್ಲಿ ಕೊರೆದದ್ದು ಬಿಳಿ. ಉಳಿದ ಮೇಲ್ಮೈ ಮಸಿ ಹಿಡಿಯುತ್ತದೆ. ಹಾಗಾಗಿ ಮರದ ಅಚ್ಚನ್ನು ಅಕ್ಷರದ ಮೊಳೆಗಳ ಪಕ್ಕದಲ್ಲೇ ಕೂರಿಸಿ ಒಟ್ಟಿಗೆ ಛಾಪಿಸಬಹುದು. ಪತ್ರಿಕೆಗೆ ಮಾಡಿದ ಒಂದು ಅಚ್ಚಿನಿಂದ ಒಂಬತ್ತು ಲಕ್ಷ ಪ್ರತಿ ತೆಗೆದರೂ ಅದು ಕೆಡಲಿಲ್ಲ ಅಂತ ಬ್ಯೂಯಿಕ್ ತಾನೇ ಬರೆದುಕೊಂಡಿದ್ದಾನೆ. ಅವನ ಶಿಷ್ಯರ ಕೈಯಲ್ಲಿ, ಮುಂದೆ 1830ರ ದಶಕದ ಕಾಸಿನ ಪತ್ರಿಕೆಗಳಲ್ಲಿ, ದೊಡ್ಡವರ ಮುಖಗಳು ಕೂಲಿಯವನ ಮನೆಗೂ ಬಂದದ್ದು ಈ ದಾರಿಯಲ್ಲಿ. ಹಾಗಾದರೆ ಬ್ಯೂಯಿಕ್‌ನ ಮುಖ ಮಾತ್ರ ಯಾಕೆ ತಾಮ್ರದಲ್ಲಿ ಅಂತ ಕೇಳಿದೆ. ಅವರು ನಕ್ಕರು. "ಗೌರವ ಮಾಡಬೇಕಾದರೆ ಆಗ ತಾಮ್ರವೇ. ಮದುವೆಗೆ ಯಾರಾದರೂ ಕೆಲಸದ ಅಂಗಿ ಹಾಕ್ತಾರಾ?"

ಯಂತ್ರದ ಹಿಡಿಯನ್ನು ನನ್ನ ಕೈಯಲ್ಲೇ ಎಳೆಸಿದರು. ಒಂದು ಸಣ್ಣ ಹಕ್ಕಿ ಬಂತು. ನಾನು ಚೀಲದಿಂದ ನನ್ನ ತಿರುಗುಮುರುಗಾದ 'ಅಪ್ಪ'ನನ್ನು ತೆಗೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಮೂಗು ಚೆನ್ನಾಗಿದೆ ಅಂದರು. ಆಮೇಲೆ ಬೆರಳನ್ನು ಬಲಗಡೆ ಮೂಲೆಗೆ ಇಟ್ಟು, "ಕೆತ್ತಿದವರು ಯಾರು?" ಅಂತ ಕೇಳಿದರು. ಅಲ್ಲಿ ಏನೂ ಇರಲಿಲ್ಲ.

ಊರಲ್ಲಿ

ಏಳನೇ ದಿನದಿಂದ ವಾಪಸ್ ಬರುವ ತನಕ ಅಂಗಡಿ ಸುತ್ತಾಟ, ನೆಂಟರ ಮನೆ ಊಟ. ಬರೆಯುವಂಥದ್ದಿಲ್ಲ. ತಗಡನ್ನು ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟು ತಂದೆ.

ಬಂದ ಮರುದಿನವೇ ಅಂಗಡಿಗೆ ಹೋದೆ. ತಮ್ಮ ಅಚ್ಚನ್ನು ನೋಡಿದ. ಮಾತಾಡದೆ ಎದ್ದು, ಗಿರಾಕಿಗಳು ಓಲೆ ಹಾಕಿ ನೋಡಿಕೊಳ್ಳುವ ಕನ್ನಡಿಗೆ ಹಿಡಿದ. ಪೆನ್ಸಿಲ್ ಬಲಗಿವಿಗೆ ಬಂತು, 'ಅಪ್ಪ' ನೆಟ್ಟಗಾಯಿತು. "ಕಿವಿ ಸ್ವಲ್ಪ ದೊಡ್ಡದಾಯ್ತು ಅಣ್ಣ" ಅಂದ. ಆಮೇಲೆ ತಗಡು ಕೇಳಿದ. ಬೆರಳಾಡಿಸಿ ಗೆರೆಗಳನ್ನು ಓದಿದ. ಬಲಗಡೆ ಕೆಳಮೂಲೆಯಲ್ಲಿ ಹೆಸರು ಹಾಕಬೇಕಿತ್ತು, ಮರೆತೆ ಅಂದೆ.

"ಯಾರ ಹೆಸರು, ನಿಂದಾ?"

"ಅಪ್ಪಂದು ಹಾಕು" ಅಂದೆ.

"ಬಲಗಡೆ ಅಂದ್ರೆ ಕಾಗದದಲ್ಲಿ ಬಲಗಡೆ ಅಲ್ವಾ? ಹಾಗಾದ್ರೆ ತಗಡಲ್ಲಿ ಎಡಗಡೆ" ಅಂದವನೇ ಅರಗು ಬಿಸಿಮಾಡಲು ದೀಪ ಹಚ್ಚಿದ.